ತನ್ನ ವಿರುದ್ಧವೇ ಸಾಕ್ಷಿ ಹೇಳಿದ ರಿಸೀವರ್

ಮನೆಯೊಳಗೆ ಕೂತು ಹಾಡು ಕೇಳುವುದಕ್ಕೆಂದೇ ಮಾಡಿಸಿದಂಥ ಹವೆ ಸಿಯಾಟಲ್ ಕಡೆಯದು. ಅಕ್ಟೋಬರ್ ಬಂತೆಂದರೆ ಜಿಟಿಜಿಟಿ ಶುರು; ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಅಂಗಡಿ ಮುಚ್ಚುತ್ತಾನೆ. ರೆಡ್ಮಂಡ್, ಬೆಲ್‌ವ್ಯೂ, ಬಾಥೆಲ್‌ಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಭೀಮಸೇನ ಜೋಶಿಯವರೂ ಪಿ.ಬಿ. ಶ್ರೀನಿವಾಸರೂ ಫೋನಿನ ತಗಡು ಗಂಟಲಿನಿಂದ ಹಾಡಿ ಹಾಡಿ ಸುಸ್ತಾಗಿರುತ್ತಾರೆ. ಆಗ ಯಾರಾದರೊಬ್ಬರು ಒಂದು ಸಾಧಾರಣ ಸ್ಟೀರಿಯೊ ತರೋಣ ಅನ್ನುತ್ತಾರೆ. ಮುನ್ನೂರು ಡಾಲರ್ ತೆಗೆದಿಟ್ಟದ್ದೂ ಆಗುತ್ತದೆ. ಅದರಲ್ಲಿ ರಿಸೀವರಿಗೆ ಎಷ್ಟು, ಸ್ಪೀಕರಿಗೆ ಎಷ್ಟು? ಅಂಗಡಿಯವರನ್ನು ಕೇಳಿದರೆ ಅಂಗಡಿಗೆ ಲಾಭವಾಗುವ ಉತ್ತರ. ಬಲ್ಲವರು ಮೂವರನ್ನು ಕೇಳಿದರೆ ನಾಲ್ಕು ಉತ್ತರ. ಹಾಗಾಗಿ ಈ ಸಲ ಸರಕನ್ನೇ ಕೇಳುವುದು ಮೇಲು. ಹಳೇ ಸಾಮಾನಿನ ಅಂಗಡಿಯೊಂದರ ಹಿಂದಿನ ಕಪಾಟಿನಲ್ಲಿ, ಬ್ರೆಡ್ ಮಾಡುವ ಯಂತ್ರಕ್ಕೂ ಮುಚ್ಚಳ ಕಳೆದ ಕುಕ್ಕರಿಗೂ ನಡುವೆ, 1978ರ ಜಪಾನ್ ಮೂಲದ ಒಂದು ರಿಸೀವರ್ ಕೂತಿದೆ ಅಂದುಕೊಳ್ಳಿ. ಬೆಳ್ಳಿಮುಖ, ಮರದ ಕವಚ, ಚಾನೆಲಿಗೆ 35 ವಾಟ್. ಹಣೆಯ ಮೇಲೆ 149.99 ಡಾಲರಿನ ಚೀಟಿ.

ಪ್ರಶ್ನೆ: ರಿಸೀವರ್ ರಾಯರೇ, ಮುನ್ನೂರು ಡಾಲರ್ ಹಿಡಿದುಕೊಂಡು ಬಂದವರು ನಿಮಗೆಷ್ಟು ಕೊಡಬೇಕು?

ರಿಸೀವರ್: ಐವತ್ತು. ತೀರಾ ಮುದ್ದು ಬಂದರೆ ಎಪ್ಪತ್ತು. ನನ್ನ ಹಣೆಯ ಮೇಲಿನ ಚೀಟಿ ನೋಡಿ ಮೋಸ ಹೋಗಬೇಡಿ ಸ್ವಾಮಿ, ಅದು ನನ್ನ ದನಿಯ ಬೆಲೆಯಲ್ಲ, ಮುಖದ ಬೆಲೆ. ಹತ್ತಿರ ಬನ್ನಿ, ಈ ಟ್ಯೂನಿಂಗ್ ಗುಂಡಿ ತಿರುಗಿಸಿ ನೋಡಿ. ಕೈ ಬಿಟ್ಟ ಮೇಲೂ ತಾನೇ ಒಂದಿಷ್ಟು ದೂರ ಓಡುತ್ತದೆ, ಹಿಂದೆ ಒಂದು ಭಾರದ ಚಕ್ರ ಕೂತಿದೆ. ದೀಪ ಹೊತ್ತಿದರೆ ನೀಲಿ ಬೆಳಕಿನಲ್ಲಿ ಮುಳ್ಳು ಜಾರಿಕೊಂಡು 90.3ರ ಕೆಇಎಕ್ಸ್‌ಪಿಯಿಂದ 98.1ರ ಕಿಂಗ್ ಎಫ್‌ಎಂವರೆಗೆ ಹೋಗುತ್ತದೆ. ಇದನ್ನು ನೋಡಿದವರಿಗೆ ಮನಸ್ಸು ಕರಗುತ್ತದೆ, ಜೇಬೂ ಕರಗುತ್ತದೆ. ಆದರೆ ನಾನು ಮಾಡುವ ಕೆಲಸವಾದರೂ ಏನು? ಒಂದು ಸಣ್ಣ ವಿದ್ಯುತ್ ಅಲೆಯನ್ನು ಅದೇ ಆಕಾರದಲ್ಲಿ ದೊಡ್ಡದು ಮಾಡಿ ಕಳಿಸುವುದು, ಅಷ್ಟೇ. ಈ ಕೆಲಸವನ್ನು ನಮ್ಮ ಕುಲ ನಾನು ಹುಟ್ಟುವ ಹೊತ್ತಿಗೇ ಕಲಿತು ಮುಗಿಸಿತ್ತು. ನನ್ನಂಥ ಸಾಧಾರಣನೂ ನೂರರಲ್ಲಿ ಒಂದು ಪಾಲಿನಷ್ಟು ಅಲೆಯನ್ನು ಕೆಡಿಸುವುದಿಲ್ಲ. ಆ ಕೆಳಗಿನ ಕಪಾಟಿನಲ್ಲಿ ಕೂತಿದೆಯಲ್ಲ ಸ್ಪೀಕರ್, ಅದನ್ನು ಕೇಳಿ. ಕಾಗದದ ಒಂದು ಬಟ್ಟಲು, ಸುರುಳಿ ತಂತಿ, ಅಯಸ್ಕಾಂತ. ಇಷ್ಟನ್ನು ಇಟ್ಟುಕೊಂಡು ತಂಬೂರಿಯ ತಂತಿಯೂ ಆಗಬೇಕು, ಮೃದಂಗದ ತೊಪ್ಪಿಯೂ ಆಗಬೇಕು, ಮಲ್ಲಿಕಾರ್ಜುನ ಮನ್ಸೂರರ ಗಂಟಲೂ ಆಗಬೇಕು. ತಪ್ಪಾಗುವುದಿದ್ದರೆ ಅಲ್ಲಿ ಆಗುತ್ತದೆ. ಒಳ್ಳೆಯ ಸ್ಪೀಕರೂ ಮೂರು ಡೆಸಿಬೆಲ್ ಆಚೆ ಈಚೆ ಹೊಯ್ದಾಡುತ್ತದೆ. ನಿಮ್ಮ ಕೋಣೆ ಸೇರಿಕೊಂಡರೆ ತಗ್ಗು ಸ್ವರಗಳಲ್ಲಿ ಹತ್ತು ಹದಿನೈದು ಡೆಸಿಬೆಲ್ಲಿನ ಏರುಪೇರು. ಅಷ್ಟು ದೊಡ್ಡ ತೂತು ಅಲ್ಲಿರುವಾಗ ನನ್ನ ಕೂದಲೆಳೆಯ ಬಿರುಕಿಗೆ ಯಾಕೆ ಬೆಸುಗೆ?

ಸರಕು ತನ್ನನ್ನೇ ಹೀಗೆ ಹಳಿದುಕೊಂಡರೆ ಅನುಮಾನ ಬರಬೇಕಾದ್ದು ನ್ಯಾಯ. ವಿನಯವೂ ಮಾರಾಟದ ಒಂದು ತಂತ್ರವೇ. ಆದರೆ ಇಲ್ಲಿ ಸಾಕ್ಷ್ಯ ರಿಸೀವರಿನ ಪರವಾಗಿದೆ, ಅಂದರೆ ರಿಸೀವರಿಗೆ ವಿರುದ್ಧವಾಗಿದೆ. 1987ರ ಜನವರಿಯಲ್ಲಿ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ ಒಂದು ಪರೀಕ್ಷೆಯ ವರದಿ ಹಾಕಿತು. ಒಂದು ಕಡೆ ಇನ್ನೂರು ಚಿಲ್ಲರೆ ಡಾಲರಿನ ಸಾದಾ ರಿಸೀವರ್, ಇನ್ನೊಂದು ಕಡೆ ಹನ್ನೆರಡು ಸಾವಿರ ಡಾಲರಿನ ಟ್ಯೂಬ್ ಆಂಪ್ಲಿಫೈಯರ್, ನಡುವೆ ಇನ್ನೂ ಕೆಲವು. ಯಾವುದು ನುಡಿಯುತ್ತಿದೆ ಎಂದು ತೋರಿಸದೆ ಕೇಳಿಸಿದಾಗ, ವ್ಯತ್ಯಾಸವಿದ್ದೇ ಇದೆ ಎಂದು ನಂಬಿ ಬಂದವರಿಗೂ ಊಹೆಗಿಂತ ಮೇಲಾದ ಉತ್ತರ ಕೊಡಲಾಗಲಿಲ್ಲ. ಹೀಗೆ ಹೇಳಿದ ಕೂಡಲೇ ಒಂದು ಆಕ್ಷೇಪ ಏಳುತ್ತದೆ: ಪರೀಕ್ಷೆ ಅವಸರದ್ದು, ಕಿವಿಗಳು ಸಾಧಾರಣದವು, ನಿಜವಾದ ರಸಿಕರಿಗೆ ಗೊತ್ತಾಗುತ್ತಿತ್ತು. ಇದಕ್ಕೆ ಉತ್ತರ ಸಿಯಾಟಲಿನ ಪಕ್ಕದಲ್ಲೇ ಸಿಗುತ್ತದೆ.

ಪ್ರಶ್ನೆ: ಲಿನ್‌ವುಡ್‌ನ ಬಾಬ್ ಕಾರ್ವರ್ ನಿಮ್ಮ ಊರಿನವರೇ ಅಲ್ಲವೇ?

ರಿಸೀವರ್: ಊರಿನವರೇ. ಆದರೆ ನಮ್ಮ ಕುಲದ ಮಾನ ಕಳೆದವರೂ ಅವರೇ. 1970ರ ಹೊತ್ತಿಗೆ ಫೇಸ್ ಲೀನಿಯರ್ ಎಂಬ ಕಂಪನಿ ಕಟ್ಟಿ ಚಾನೆಲಿಗೆ 350 ವಾಟಿನ ಆಂಪ್ಲಿಫೈಯರ್ ಮಾಡಿ ಎಲ್ಲರಿಗೂ ವಾಟಿನ ಹುಚ್ಚು ಹತ್ತಿಸಿದರು. ಆಮೇಲೆ ಲಿನ್‌ವುಡ್‌ನಲ್ಲಿ ಕಾರ್ವರ್ ಕಾರ್ಪೊರೇಷನ್. 1985ರಲ್ಲಿ ‘ಸ್ಟೀರಿಯೊಫೈಲ್’ ಪತ್ರಿಕೆಯವರಿಗೆ ಸವಾಲು ಹಾಕಿದರು: ನಿಮಗೆ ಮೆಚ್ಚಾದ ದುಬಾರಿ ಆಂಪ್ಲಿಫೈಯರ್ ತನ್ನಿ, ನನ್ನ ಅಗ್ಗದ ಪೆಟ್ಟಿಗೆಯನ್ನು ಅದರ ಹಾಗೇ ನುಡಿಯುವಂತೆ ಮಾಡುತ್ತೇನೆ. ಹೋಟೆಲ್ ಕೋಣೆಯಲ್ಲಿ ಬೆಸುಗೆ ಕಡ್ಡಿ ಹಿಡಿದು ಕೂತರು. ಎರಡರ ದನಿಯನ್ನೂ ಒಂದರಿಂದೊಂದು ಕಳೆದು, ಉಳಿದ ಶೇಷ ಸೊನ್ನೆಗೆ ಹತ್ತಿರ ಬರುವ ತನಕ ಅಲ್ಲಿ ಒಂದು ರೆಸಿಸ್ಟರ್, ಇಲ್ಲಿ ಒಂದು ಕೆಪ್ಯಾಸಿಟರ್. ಕೊನೆಗೆ ಆ ಪತ್ರಿಕೆಯ ಕಿವಿಗಳು, ಅಂದರೆ ಇದನ್ನೇ ಹೊಟ್ಟೆಪಾಡು ಮಾಡಿಕೊಂಡ ಕಿವಿಗಳು, ಯಾವುದು ಯಾವುದೆಂದು ಹೇಳಲಾರದೆ ಹೋದವು. ಇದರರ್ಥ ಎಲ್ಲ ಆಂಪ್ಲಿಫೈಯರೂ ಒಂದೇ ಅಂತಲ್ಲ, ನೆನಪಿಡಿ. ಒಂದೇ ಆಗಿದ್ದರೆ ಅವರಿಗೆ ಅಷ್ಟು ಹೊತ್ತು ಬೆಸುಗೆ ಹಾಕುವ ಕೆಲಸವೇ ಇರುತ್ತಿರಲಿಲ್ಲ. ಇದ್ದ ವ್ಯತ್ಯಾಸ ಚಿಲ್ಲರೆ ಬೆಲೆಯ ಬಿಡಿಭಾಗಗಳಲ್ಲಿ ಅಳಿಸಿಹೋಗುವಂಥದ್ದು, ಅಷ್ಟೇ. ಸ್ಪೀಕರಿನ ದೋಷವನ್ನು ಹಾಗೆ ಹೋಟೆಲ್ ಕೋಣೆಯಲ್ಲಿ ಕೂತು ಅಳಿಸಿ ನೋಡೋಣ!

ಪ್ರಶ್ನೆ: ಆದರೂ 35 ವಾಟ್ ತೀರಾ ಬಡತನವಲ್ಲವೇ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಡಬ್ಬದ ಮೇಲೆ ಎರಡು ಸಾವಿರ ವಾಟ್ ಪಿಎಂಪಿಓ ಅಂತ ಬರೆದಿರುತ್ತಿದ್ದರು.

ರಿಸೀವರ್: ಪಿಎಂಪಿಓ! ಆ ನಾಲ್ಕಕ್ಷರದಷ್ಟು ಸುಳ್ಳು ಹೇಳಿದ ಮಂತ್ರ ಇನ್ನೊಂದಿಲ್ಲ. ಅಮೆರಿಕದವರೂ ಏನು ಹರಿಶ್ಚಂದ್ರರಲ್ಲ, ಇದೇ ಆಟ ಆಡುತ್ತಿದ್ದರು; ಅದಕ್ಕೇ 1974ರಲ್ಲಿ ಇಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಕಾನೂನು ತಂದು, ಎರಡೂ ಚಾನೆಲ್ ಒಟ್ಟಿಗೆ ದುಡಿಯುವಾಗ ನಿಲ್ಲದೆ ಎಷ್ಟು ವಾಟ್ ಕೊಡುತ್ತೀಯೋ ಅಷ್ಟನ್ನೇ ಬರಿ ಅಂದಿತು. 2024ರಲ್ಲಿ ಅದನ್ನೇ ಇನ್ನೂ ಬಿಗಿ ಮಾಡಿದರು. ನನ್ನ 35 ಆ ಕಾನೂನಿನ ಕೆಳಗೆ ಪ್ರಮಾಣ ಮಾಡಿ ಹೇಳಿದ 35. ಈಗ ಲೆಕ್ಕ ಹಾಕಿ. ಸಾಧಾರಣ ಸ್ಪೀಕರ್ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಸದ್ದು ಮಾಡುತ್ತದೆ. ಅಡುಗೆಮನೆಯಿಂದ ‘ಸ್ವಲ್ಪ ಕಡಿಮೆ ಮಾಡ್ರೀ’ ಅಂತ ಕೂಗು ಬರುವುದಕ್ಕೆ ಅಷ್ಟು ಸಾಕು. ಆರಾಮಾಗಿ ಕೂತು ಕೇಳುವಾಗ ನನ್ನಿಂದ ಹೋಗುವುದು ಸರಾಸರಿ ಅರ್ಧ ವಾಟೂ ಅಲ್ಲ. ತವಿಲಿನ ಒಂದು ಏಟು ಬಿದ್ದಾಗ ಕ್ಷಣಕಾಲ ಹತ್ತಿಪ್ಪತ್ತು ವಾಟ್ ಕೇಳುತ್ತದೆ. ನನ್ನನ್ನು ಬಿಟ್ಟು 70 ವಾಟಿನವನನ್ನು ತಂದರೆ ಸಿಗುವುದು ಮೂರೇ ಡೆಸಿಬೆಲ್. ಸದ್ದು ಎರಡರಷ್ಟು ಅನ್ನಿಸಬೇಕಾದರೆ ವಾಟ್ ಹತ್ತರಷ್ಟು ಬೇಕು. ನಮ್ಮ ಕುಲದ ದೊಡ್ಡಣ್ಣ ಪಯೋನೀರ್ ಎಸ್‌ಎಕ್ಸ್-1980 ಅಂತ, ನನ್ನ ವಾರಗೆಯವನೇ, ಚಾನೆಲಿಗೆ 270 ವಾಟ್, ತೂಕ 35 ಕಿಲೋ. ಅವನನ್ನು ಮಹಡಿಗೆ ಹತ್ತಿಸುವುದಕ್ಕೆ ಇಬ್ಬರು ಬೇಕು. ಹತ್ತಿಸಿದ ಮೇಲೂ ಅವನು ನಿಮ್ಮ ಮನೆಯಲ್ಲಿ ಅರ್ಧ ವಾಟೇ ಕೊಡುತ್ತಾನೆ.

ಪ್ರಶ್ನೆ: ನಾಲ್ಕು ಓಮ್‌ನ ಸ್ಪೀಕರ್ ಜೋಡಿಸಿದರೆ?

ರಿಸೀವರ್: ಅಲ್ಲಿ ನಾನು ಬೆವರುತ್ತೇನೆ, ಒಪ್ಪಿದೆ. ನನ್ನ ಬೆನ್ನ ಮೇಲೆ ಎಂಟು ಓಮ್ ಅಂತ ಬರೆದಿದ್ದರೆ ಎಂಟರದ್ದೇ ತನ್ನಿ, ಆರಾದರೂ ನಡೆದೀತು.

ಪ್ರಶ್ನೆ: ಹಾಗಾದರೆ ನಿಮ್ಮನ್ನೇ ಕೊಂಡುಬಿಡಲೇ?

ರಿಸೀವರ್: ಬೇಡ. ಕುಕ್ಕರಿನ ಆಚೆ ಕಪ್ಪಗೆ ಕೂತಿದ್ದಾನೆ ನೋಡಿ, 24.99ರ ಚೀಟಿಯವನು. ಹತ್ತು ಹನ್ನೆರಡು ವರ್ಷದ ಹಿಂದಿನ ಹೋಮ್ ಥಿಯೇಟರ್ ರಿಸೀವರ್. ಅಂದು ಐನೂರು ಡಾಲರಿಗೆ ಹೋದವನು. ಅವನ ಎಚ್‌ಡಿಎಂಐ ಹಳತಾಯಿತು, ಹೊಸ ಟಿವಿಯ ಜೊತೆ ಮಾತಾಡಲಾರ, ಅದಕ್ಕೆ ಮನೆಯಿಂದ ಹೊರಹಾಕಿದರು. ಹಾಡಿಗೆ ಎಚ್‌ಡಿಎಂಐ ಯಾಕೆ ಬೇಕು? ಅವನ ಏಳು ಬಾಯಲ್ಲಿ ಐದನ್ನು ಮುಚ್ಚಿ ಎರಡರಲ್ಲಿ ಮಾತ್ರ ಹಾಡಿಸಿ. ನನಗೆ ನಲವತ್ತೇಳು ವರ್ಷ ದಾಟಿತು, ಕೆಪ್ಯಾಸಿಟರುಗಳು ಒಣಗುತ್ತಿವೆ, ವಾಲ್ಯೂಮ್ ಗುಂಡಿ ಕರಕರ ಅನ್ನುತ್ತದೆ. ರಿಪೇರಿಗೆ ಕೊಟ್ಟರೆ ನನ್ನ ಬೆಲೆಯಷ್ಟೇ ಕೂಲಿ. ಆದರೂ ಜನ ಅವನನ್ನು ದಾಟಿ ನನ್ನ ಹತ್ತಿರ ಬರುತ್ತಾರೆ. ನನ್ನ ದನಿಯಲ್ಲಿ ‘ಬೆಚ್ಚಗಿನ ಗುಣ’ ಇದೆಯಂತೆ. ಬೆಚ್ಚಗಿರುವುದು ಹೌದು, ಕೈ ಇಟ್ಟು ನೋಡಿ.

ಇಲ್ಲಿ ರಿಸೀವರ್ ತಮಾಷೆ ಮಾಡುತ್ತಿದೆಯಾದರೂ ಹಿಂದೆ ಗಂಭೀರ ಸಂಗತಿಯಿದೆ. ಕಣ್ಣು ಕಿವಿಗೆ ಹೇಳಿಕೊಡುತ್ತದೆ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ವರ್ಷಗಟ್ಟಲೆ ಸ್ಪೀಕರ್ ಪರೀಕ್ಷೆ ಮಾಡಿ ಆಮೇಲೆ ಹರ್ಮನ್ ಕಂಪನಿಗೆ ಬಂದ ಫ್ಲಾಯ್ಡ್ ಟೂಲ್, ಸಹೋದ್ಯೋಗಿ ಶಾನ್ ಆಲಿವ್ ಜೊತೆಗೂಡಿ 1994ರಲ್ಲಿ ಇದನ್ನು ತೋರಿಸಿದರು. ಕಂಪನಿಯ ನೌಕರರನ್ನೇ ಕೂರಿಸಿ ಅವೇ ಸ್ಪೀಕರುಗಳನ್ನು ಒಮ್ಮೆ ಪರದೆಯ ಹಿಂದಿಟ್ಟು, ಒಮ್ಮೆ ಎದುರಿಗಿಟ್ಟು ಕೇಳಿಸಿದರು. ಪರದೆ ಇದ್ದಾಗ ಚೆನ್ನಾಗಿ ಅಂಕ ಪಡೆದ ಪುಟ್ಟ ಅಗ್ಗದ ಸ್ಪೀಕರ್, ಪರದೆ ಸರಿದ ಕೂಡಲೇ ಅಂಕ ಕಳೆದುಕೊಂಡಿತು. ದೊಡ್ಡ ಚೆಂದದವು ಮೇಲೆ ಹೋದವು. ಪುಟ್ಟದ್ದರ ತಪ್ಪು ಪುಟ್ಟದಾಗಿದ್ದದ್ದೇ. ಟೂಲ್ ಅವರ ಇನ್ನೊಂದು ಮಾತು ಬಡವರ ಪಾಲಿಗೆ ವರ: ಕಾಣದೆ ಕೇಳಿದಾಗ ಬೇರೆ ಬೇರೆ ಜನ ಮೆಚ್ಚುವುದು ಹೆಚ್ಚುಕಡಿಮೆ ಒಂದೇ ಬಗೆಯ ಸ್ಪೀಕರನ್ನು, ಸ್ವರಗಳನ್ನು ಏರಿಸದೆ ಇಳಿಸದೆ ಸಮನಾಗಿ ಒಪ್ಪಿಸುವುದನ್ನು. ಅಂದರೆ ಒಳ್ಳೆಯ ಸ್ಪೀಕರ್ ಎಂಬುದು ಬರೀ ಅವರವರ ರುಚಿಯಲ್ಲ, ಅಳೆಯಬಹುದಾದ ವಿಷಯ. ಅಳೆಯಲು ಬಂದರೆ ಅಗ್ಗದಲ್ಲಿ ಮಾಡಲೂ ಬರುತ್ತದೆ. ಹತ್ತಾರು ಸಾವಿರ ಡಾಲರಿನ ಸ್ಪೀಕರ್ ರಚಿಸಿದ ಆಂಡ್ರ್ಯೂ ಜೋನ್ಸ್ 2015ರಲ್ಲಿ ಎಲಾಕ್ ಕಂಪನಿಗೆ ಡೆಬ್ಯು ಬಿ6 ಮಾಡಿಕೊಟ್ಟಾಗ ಅದರ ಬೆಲೆ ಜೋಡಿಗೆ 280 ಡಾಲರ್.

ಪ್ರಶ್ನೆ: ಹಳೆಯ ಸ್ಪೀಕರ್ ಕೊಳ್ಳುವವರು ಏನು ನೋಡಬೇಕು?

ರಿಸೀವರ್: ಮೊದಲು ಬಟ್ಟೆಯ ಮುಸುಕು ತೆಗೆಯಿರಿ. ಕೋನಿನ ಅಂಚಿನಲ್ಲಿ ಸುತ್ತ ಒಂದು ಮೆತ್ತನೆಯ ಪಟ್ಟಿ ಇರುತ್ತದೆ, ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ರಬ್ಬರಾದರೆ ಮಣಿದು ಮೇಲೆ ಬರುತ್ತದೆ. ಫೋಮ್ ಆಗಿದ್ದು ಹದಿನೈದಿಪ್ಪತ್ತು ವರ್ಷ ದಾಟಿದ್ದರೆ ಹಳೇ ರಸ್ಕಿನ ಹಾಗೆ ಪುಡಿ ಉದುರಿ ಬೆರಳಿಗೆ ಕಪ್ಪು ಹತ್ತುತ್ತದೆ. ಆಗ ಬೆಲೆಯಲ್ಲಿ ಅರ್ಧ ಇಳಿಸಿ, ಇಲ್ಲವೇ ಮುಂದೆ ನಡೆಯಿರಿ. ಜೇಬಿನಲ್ಲಿ ಒಂದು ಪೆನ್ಸಿಲ್ ಸೆಲ್, ಎರಡು ತುಂಡು ತಂತಿ ಇರಲಿ. ಹಿಂದಿನ ಕೆಂಪು ಕಪ್ಪು ತಿರುಪಿಗೆ ಕ್ಷಣ ಮುಟ್ಟಿಸಿದರೆ ಟಪ್ ಅಂತ ಕೋನ್ ಮುಂದಕ್ಕೆ ಬರಬೇಕು. ಇದೇ ಸಿಯಾಟಲಿನಲ್ಲಿ 1970ರ ದಶಕದಲ್ಲಿ ಸ್ಪೀಕರ್‌ಲ್ಯಾಬ್ ಅಂತ ಒಂದು ಕಂಪನಿ ಕೋನು, ತಂತಿ, ಹಲಗೆ ಎಲ್ಲ ಬಿಡಿಬಿಡಿಯಾಗಿ ಮಾರಿತ್ತು. ಜನ ಮನೆಯಲ್ಲೇ ಅಂಟಿಸಿ ಕಟ್ಟಿಕೊಂಡರು. ಅವು ಈಗಲೂ ಇಂಥ ಕಪಾಟುಗಳಿಗೆ ಬರುತ್ತವೆ. ಕಟ್ಟಿದವನ ಕೈ ಹೇಗಿತ್ತೋ ಸ್ಪೀಕರ್ ಹಾಗೆ, ಅದಕ್ಕೇ ಕೇಳದೆ ಕೊಳ್ಳಬೇಡಿ.

ಪ್ರಶ್ನೆ: ಈಗ ಸ್ಪೀಕರಿನೊಳಗೇ ಆಂಪ್ಲಿಫೈಯರ್ ಬರುತ್ತದೆ, ಬ್ಲೂಟೂತ್ ಬರುತ್ತದೆ. ನಿಮ್ಮ ಜಾತಿಯೇ ಬೇಡ ಅನ್ನುವವರಿಗೆ?

ರಿಸೀವರ್: ಅವರ ಮಾತಿನಲ್ಲಿ ತಪ್ಪಿಲ್ಲ. ಆಗ ವುಡಿನ್‌ವಿಲ್‌ನಲ್ಲಿದ್ದ ಮ್ಯಾಕಿ ಕಂಪನಿಯವರು 1990ರ ದಶಕದಲ್ಲೇ ಸ್ಟುಡಿಯೋಗಳಿಗೆ ಅಂಥದ್ದನ್ನು ಮಾಡಿಕೊಟ್ಟು ಹೆಸರು ಮಾಡಿದರು. ಸಣ್ಣ ಕೋಣೆ, ಫೋನಿನಿಂದ ಮಾತ್ರ ಹಾಡು ಅನ್ನುವವರು ಅದನ್ನೇ ಕೊಳ್ಳಲಿ. ಒಳಗಿನ ಹಲಗೆ ಸುಟ್ಟರೆ ಗಟ್ಟಿಮುಟ್ಟಾದ ಕೋನೂ ಅದರ ಜೊತೆ ಕಸಕ್ಕೆ ಹೋಗುತ್ತದೆ, ಅಷ್ಟು ತಿಳಿದಿರಲಿ. ಕಸ ಅಂದಾಗ ನೆನಪಾಯಿತು: ವಾಷಿಂಗ್ಟನ್ ರಾಜ್ಯದಲ್ಲಿ 2009ರಿಂದ ಹಳೇ ಟಿವಿ, ಕಂಪ್ಯೂಟರುಗಳನ್ನು ಪುಕ್ಕಟೆ ಹಿಂದಕ್ಕೆ ತೆಗೆದುಕೊಳ್ಳುವ ಯೋಜನೆ ಇದೆ. ಆ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಸತ್ತರೂ ಸಂಸ್ಕಾರವಿಲ್ಲ ನನಗೆ.

ಪ್ರಶ್ನೆ: ಊರಿಗೆ ವಾಪಸ್ಸಾಗುವಾಗ ಮೈಸೂರಿಗೆ ಒಯ್ಯಬಹುದೇ?

ರಿಸೀವರ್: ಸ್ಪೀಕರನ್ನು ಧಾರಾಳವಾಗಿ ಒಯ್ಯಿರಿ, ಅದಕ್ಕೆ ದೇಶವಿಲ್ಲ. ನಾನು 120 ವೋಲ್ಟಿನ ಕೂಸು. ಮೈಸೂರಿನ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆ. ಟ್ರಾನ್ಸ್‌ಫಾರ್ಮರ್ ತೂಕ, ವಿಮಾನದ ತೂಕ ಎಲ್ಲ ಸೇರಿಸಿದರೆ ಅಲ್ಲೇ ಇನ್ನೊಬ್ಬ ಸಿಗುತ್ತಾನೆ. ದುಡ್ಡು ಸ್ಪೀಕರಿಗೆ ಹಾಕಿ ಅಂದದ್ದಕ್ಕೆ ಇದೂ ಒಂದು ಕಾರಣ ಅಂತ ಬರೆದುಕೊಳ್ಳಿ.

ಪ್ರಶ್ನೆ: ಮನೆಗೆ ತಂದ ಮೇಲೆ?

ರಿಸೀವರ್: ಅಲ್ಲಿಂದ ಮುಂದೆ ಖರ್ಚಿಲ್ಲ, ಬೆನ್ನು ಬಗ್ಗಬೇಕು ಅಷ್ಟೇ. ಸ್ಪೀಕರುಗಳನ್ನು ಮೂಲೆಗೆ ತುರುಕಬೇಡಿ, ಮೂಲೆ ತಗ್ಗು ಸ್ವರವನ್ನು ಉಬ್ಬಿಸುತ್ತದೆ, ಜೋಶಿಯವರಿಗೆ ನೆಗಡಿಯಾದ ಹಾಗೆ ಕೇಳುತ್ತದೆ. ಗೋಡೆಯಿಂದ ಒಂದೆರಡು ಅಡಿ ಮುಂದೆ ಎಳೆಯಿರಿ, ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕಿರಲಿ, ಎರಡು ಸ್ಪೀಕರೂ ನೀವೂ ಸೇರಿ ಮುಕ್ಕೋನವಾಗಲಿ. ಇಲ್ಲಿಯ ಅಪಾರ್ಟ್‌ಮೆಂಟುಗಳು ಬಹುಪಾಲು ಮರದ ಚೌಕಟ್ಟಿನವು, ತಗ್ಗು ಸದ್ದು ನೆಲದೊಳಗಿಂದ ಇಳಿದು ಕೆಳಗಿನ ಮನೆಯವರ ಮಂಚಕ್ಕೆ ಹೋಗುತ್ತದೆ. ಸಬ್‌ವೂಫರಿನ ದುಡ್ಡೂ ಉಳಿಯಿತು. ಐವತ್ತು ಅರವತ್ತರ ದಶಕದ ಸಿನಿಮಾ ಹಾಡುಗಳಲ್ಲಿ ಅಷ್ಟು ತಗ್ಗಿನ ಸ್ವರ ಮೊದಲೇ ಇಲ್ಲ, ಅವು ಬಹುಪಾಲು ಸ್ಟೀರಿಯೊ ಕೂಡ ಅಲ್ಲ.

ಪ್ರಶ್ನೆ: ಕೊನೆಯದಾಗಿ ಏನಾದರೂ ಹೇಳುವುದಿದೆಯೇ?

ರಿಸೀವರ್: ಒಂದು ಉಪಕಾರ ಆಗಬೇಕು. ಆ ಕೆಳಗಿನ ಕಪಾಟಿನ ಸ್ಪೀಕರ್ ನೋಡಿ, ರಬ್ಬರ್ ಅಂಚು, ಎಂಟು ಓಮ್, 19.99. ಮೊನ್ನೆ ತನಕ ಜೋಡಿ ಇತ್ತು. ನಿನ್ನೆ ಒಬ್ಬರು ಬಂದು ಎಡಗಡೆಯದನ್ನು ಮಾತ್ರ ಹೂಕುಂಡ ಇಡುವುದಕ್ಕೆ ಎತ್ತರ ಸರಿಯಾಗಿದೆ ಅಂತ ಕೊಂಡುಹೋದರು. ಅವರು ಮತ್ತೆ ಬಂದರೆ ಕಪ್ಪಗಿನವನ ಎತ್ತರವೂ ಅಷ್ಟೇ ಅಂತ ಹೇಳಿಬಿಡಿ.