ಹಿಮ್ಮುಖ ಗಡಿಯಾರ ಮೀಮಾಂಸೆ

ಅರ್ಥಾತ್, ಯಾಟ್‌ಮಾಸ್ಟರ್ 2 ಎಂಬ ಕೈಗಡಿಯಾರದ ಸ್ವರೂಪ, ಪ್ರಯೋಜನ ಮತ್ತು ಅಧಿಕಾರಿ ನಿರ್ಣಯ

ಶಾಸ್ತ್ರ ಬರೆಯಹೊರಟವರು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಮುಂದಡಿ ಇಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ ಯಾವುದು, ಸಂಬಂಧ ಎಂಥದು, ಪ್ರಯೋಜನವೇನು, ಅಧಿಕಾರಿ ಯಾರು. ಈ ಅನುಬಂಧ ಚತುಷ್ಟಯವನ್ನು ವೇದಾಂತಿಗಳು ಪರಬ್ರಹ್ಮಕ್ಕೆ ಅನ್ವಯಿಸಿ ಕೈತೊಳೆದುಕೊಂಡಿದ್ದಾರೆ. ಪರಬ್ರಹ್ಮದಷ್ಟೇ ದುರ್ಲಭವಾದ, ಅದಕ್ಕಿಂತ ಬಹಳ ದುಬಾರಿಯಾದ ಇನ್ನೊಂದು ವಸ್ತು ಜಿನೀವಾದಿಂದ ಬಂದು ಲೋಕದ ಮಣಿಕಟ್ಟುಗಳ ಮೇಲೆ ನೆಲೆಸಿದ್ದರೂ ಯಾವ ಆಚಾರ್ಯರೂ ಅದಕ್ಕೆ ಭಾಷ್ಯ ಬರೆದಿಲ್ಲ. ಆ ಕೊರತೆ ನೀಗಿಸುವ ಹೊಣೆ, ದೋಣಿಯಾಗಲಿ ಗಡಿಯಾರವಾಗಲಿ ಇಲ್ಲದ ಕಾರಣ ಯಾವ ಪಕ್ಷಪಾತಕ್ಕೂ ಎಡೆಯಿಲ್ಲದ ನಮ್ಮ ಮೇಲೆ ಬಿದ್ದಿದೆ.

ಒಂದು: ವಿಷಯ

ವಿಷಯವೆಂದರೆ ರೋಲೆಕ್ಸ್ ಕಂಪನಿಯ ಯಾಟ್‌ಮಾಸ್ಟರ್ 2. ಬರೀ ಯಾಟ್‌ಮಾಸ್ಟರ್ ಎಂಬ ಅಣ್ಣ 1992ರಲ್ಲಿ ಹುಟ್ಟಿದ. ತಮ್ಮ 2007ರಲ್ಲಿ ಬಾಸೆಲ್ ಊರಿನ ಗಡಿಯಾರ ಮೇಳದಲ್ಲಿ ಕಣ್ಣುಬಿಟ್ಟ. ಅಣ್ಣನಿಗೆ ಹಾಯಿದೋಣಿಯ ಹೆಸರಿತ್ತು, ಹಾಯಿದೋಣಿಯ ರೇಸಿನಲ್ಲಿ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ತಮ್ಮ ಹುಟ್ಟುತ್ತಲೇ ಉದ್ಯೋಗಸ್ಥ. ಅಡ್ಡಳತೆ 44 ಮಿಲಿಮೀಟರ್. ಹೊಟ್ಟೆಯೊಳಗೆ ಸುಮಾರು 360 ಬಿಡಿಭಾಗ, ಬ್ಯಾಟರಿ ಮಾತ್ರ ಇಲ್ಲ. ಕೈ ಆಡಿದಂತೆಲ್ಲ ತಾನೇ ಕೀ ಕೊಟ್ಟುಕೊಳ್ಳುತ್ತದೆ, ಬಿಚ್ಚಿಟ್ಟರೆ ಸುಮಾರು 72 ಗಂಟೆ ನಡೆಯುತ್ತದೆ. 100 ಮೀಟರ್ ಆಳದವರೆಗೂ ಒಳಗೆ ನೀರು ಹೋಗದು. ಮೊದಲು ಹಳದಿ ಚಿನ್ನದ ದೇಹ, ಇಲ್ಲವೇ ಪ್ಲಾಟಿನಂ ಬಳೆ ತೊಟ್ಟ ಬಿಳಿ ಚಿನ್ನದ ದೇಹ. ಬಡಬಗ್ಗರ ಮೊರೆ ಕೇಳಿಸಿತೋ ಏನೋ, 2013ರಲ್ಲಿ ಉಕ್ಕಿನದೂ ಬಂತು, 18,000 ಡಾಲರ್ ದಾಟಿದ ಬೆಲೆಗೆ.

ಸಾಮಾನ್ಯ ಗಡಿಯಾರ ಗಂಟೆ ಎಷ್ಟಾಯಿತೆಂದು ಹೇಳುತ್ತದೆ. ಸ್ಟಾಪ್‌ವಾಚ್ ಎಷ್ಟು ಹೊತ್ತು ಕಳೆಯಿತೆಂದು ಹೇಳುತ್ತದೆ. ಇದು ಇನ್ನೆಷ್ಟು ಉಳಿದಿದೆ ಎಂದು ಹೇಳುತ್ತದೆ. ಮುಖದ ಮೇಲೆ ಕಮಾನಿನಂತೆ 10ರಿಂದ 0ವರೆಗೆ ಅಂಕಿಗಳಿವೆ. ಓದಲಾಗದಿದ್ದರೆ ಇರಲಿ ಎಂದು ಅವೇ ಅಂಕಿಗಳು ಸುತ್ತಲಿನ ಬಳೆ, ಅಂದರೆ ಬೆಜೆಲ್ ಮೇಲೆ ಇನ್ನೂ ದೊಡ್ಡದಾಗಿವೆ. ಅಲ್ಲೇ ಕೆಳಗೆ ಗಡಿಯಾರದ ಹೆಸರೂ ಇದೆ, ಎದುರು ಕೂತವರು ಕೇಳದೆಯೇ ಓದಿಕೊಳ್ಳುವಷ್ಟು ದಪ್ಪಕ್ಷರದಲ್ಲಿ. ತಾರೀಖು ತೋರಿಸುವ ಕಿಂಡಿ ಇಲ್ಲ. ಇದರಿಂದ ಸಿದ್ಧವಾಗುವುದೇನೆಂದರೆ, ಇದನ್ನು ಕಟ್ಟಿಕೊಳ್ಳುವವರು ಸಂಬಳದ ದಿನಕ್ಕೆ ಕಾಯುವ ಪೈಕಿಯವರಲ್ಲ.

ಇನ್ನು ಪ್ರಯೋಗವಿಧಿ. ಮೊದಲು ಬೆಜೆಲನ್ನು 90 ಡಿಗ್ರಿ ತಿರುಗಿಸಬೇಕು. ಬೇರೆ ಗಡಿಯಾರಗಳಲ್ಲಿ ಅದು ಹೊರಗಿನ ಅಲಂಕಾರ. ಇಲ್ಲಿ ಒಳಗಿನ ಯಂತ್ರಕ್ಕೆ ನೇರ ಕೊಂಡಿ ಇರುವುದರಿಂದ, ಅದು ತಿರುಗಿದ ಮೇಲಷ್ಟೇ ಒಳಗಿನವರು ಹೊರಗಿನವರ ಮಾತು ಕೇಳುತ್ತಾರೆ. ಆಮೇಲೆ ಕೆಳಗಿನ ಗುಂಡಿ ಒತ್ತಿ, ಕೀ ಬಿಚ್ಚಿ ತಿರುಗಿಸಿದರೆ ನಿಮಿಷದ ಪುಟ್ಟ ಮುಳ್ಳು ಹತ್ತು, ಒಂಬತ್ತು, ಎಂಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಸರಿಯುತ್ತದೆ. ಐದಕ್ಕೆ ನಿಲ್ಲಿಸಿ ಬೆಜೆಲನ್ನು ಮೊದಲಿನ ಜಾಗಕ್ಕೆ ತಂದರೆ ಐದು ಎಂಬುದು ಗಡಿಯಾರದ ನೆನಪಿನಲ್ಲಿ ಕೂತಿತು. ಇನ್ನು ಸಾವಿರ ಸಲ ಓಡಿಸಿ ಹಿಂದಕ್ಕೆ ಕರೆದರೂ ಮುಳ್ಳು ಐದಕ್ಕೇ ಬಂದು ನಿಲ್ಲುತ್ತದೆ. ಚಿಪ್ಪಿಲ್ಲ, ವಿದ್ಯುತ್ತಿಲ್ಲ, ಹಲ್ಲುಚಕ್ರ ಮತ್ತು ಸನ್ನೆಗಳಲ್ಲೇ ಸ್ಮರಣಶಕ್ತಿ. ಈ ಯಂತ್ರ ರೂಪಿಸಲು 35,000 ಗಂಟೆಗೂ ಮೀರಿ ದುಡಿದೆವೆಂದು ಕಂಪನಿ ಹೇಳಿಕೊಂಡಿದೆ. ಐದೈದು ನಿಮಿಷದಂತೆ ಭಾಗಿಸಿದರೆ 4,20,000 ರೇಸುಗಳನ್ನು ಹೊರಡಿಸಬಹುದಾಗಿದ್ದ ಹೊತ್ತು ಅದು. ಹೊತ್ತು ಉಳಿಸುವ ಸಾಧನಗಳಿಗೆ ಹಿಡಿಯುವ ಹೊತ್ತಿನ ಬಗ್ಗೆ ಪ್ರತ್ಯೇಕ ಗ್ರಂಥವೇ ಬೇಕು.

ಎರಡು: ಸಂಬಂಧ

ಓಟದ ಪಂದ್ಯದಲ್ಲಿ ಓಟಗಾರ ಗೆರೆಯ ಹಿಂದೆ ಬಗ್ಗಿ ನಿಂತು ಸದ್ದಿಗೆ ಕಾಯುತ್ತಾನೆ. ಹಾಯಿದೋಣಿಗೆ ಹಾಗೆ ಬಗ್ಗಿ ನಿಲ್ಲಲು ಬರುವುದಿಲ್ಲ. ಅದಕ್ಕೆ ಬ್ರೇಕಿಲ್ಲ, ಗಾಳಿ ಸುಮ್ಮನಿರಗೊಡುವುದಿಲ್ಲ. ಗೆರೆಯಾದರೂ ಕಣ್ಣಿಗೆ ಕಾಣುತ್ತದೆಯೇ? ಅದೂ ಇಲ್ಲ. ರೇಸು ನಡೆಸುವ ಕಮಿಟಿಯ ದೋಣಿಯ ಕಂಬಕ್ಕೂ ದೂರದಲ್ಲಿ ಲಂಗರು ಹಾಕಿ ತೇಲಿಬಿಟ್ಟ ಗುರುತಿಗೂ ನಡುವೆ ಮನಸ್ಸಿನಲ್ಲೇ ಎಳೆದುಕೊಳ್ಳಬೇಕಾದ ಗೆರೆ ಅದು. ದೋಣಿಗಳೆಲ್ಲ ಅದರ ಹಿಂದೆ ಗಿರಕಿ ಹೊಡೆಯುತ್ತ, ಒಬ್ಬರ ಗಾಳಿಯನ್ನು ಇನ್ನೊಬ್ಬರು ಕದಿಯುತ್ತ, ಸೊನ್ನೆಯ ಕ್ಷಣಕ್ಕೆ ಸರಿಯಾಗಿ ತುಂಬು ವೇಗದಲ್ಲಿ ಅದನ್ನು ದಾಟಬೇಕು. ನಮ್ಮ ಮದುವೆಗಳಲ್ಲಿ ಗಂಡನ್ನು ಮಂಟಪದಲ್ಲಿ ಕೂರಿಸಿಕೊಂಡು ಮುಹೂರ್ತಕ್ಕೆ ಕಾಯುತ್ತಾರೆ. ಇಲ್ಲಿ ಹತ್ತಾರು ಗಂಡುಗಳು ಓಡುತ್ತಲೇ ಬಂದು ಅದೇ ಗಳಿಗೆಗೆ ತಾಳಿ ಕಟ್ಟಬೇಕು, ಗಳಿಗೆಗೆ ಮುಂಚೆ ಕಟ್ಟಿದವನು ಬಿಚ್ಚಿಕೊಂಡು ಛತ್ರದ ಬಾಗಿಲಿಗೆ ಹೋಗಿ ಮತ್ತೆ ಓಡಿಬರಬೇಕು.

ಈ ಮುಹೂರ್ತ ಇಡುವ ಕ್ರಮ ಹಾಯಿದೋಣಿ ಸ್ಪರ್ಧೆಗಳ ನಿಯಮಾವಳಿಯ 26ನೆಯ ನಿಯಮದಲ್ಲಿದೆ. ಐದು ನಿಮಿಷ ಇರುವಾಗ ಆಯಾ ವರ್ಗದ ಬಾವುಟ ಏರುತ್ತದೆ, ಒಂದು ಸದ್ದು. ನಾಲ್ಕಕ್ಕೆ ಸಿದ್ಧತೆಯ ಬಾವುಟ, ಬಹುಮಟ್ಟಿಗೆ ನೀಲಿಯ ನಡುವೆ ಬಿಳಿ ಚೌಕವಿರುವ ಪಿ, ಇನ್ನೊಂದು ಸದ್ದು. ಒಂದು ನಿಮಿಷ ಉಳಿದಾಗ ಅದು ಇಳಿಯುತ್ತದೆ, ಉದ್ದನೆಯ ಸದ್ದು. ಸೊನ್ನೆಗೆ ವರ್ಗದ ಬಾವುಟವೂ ಇಳಿಯುತ್ತದೆ, ರೇಸು ಶುರು. ಐದೇ ಸಾಕಾದರೆ ಗಡಿಯಾರದಲ್ಲಿ ಹತ್ತೇಕೆ? ಹಿಂದಿನ ಕ್ರಮದಲ್ಲಿ ಹತ್ತಕ್ಕೆ ಎಚ್ಚರಿಕೆ, ಐದಕ್ಕೆ ಸಿದ್ಧತೆ ಇತ್ತು. ಸಂಪ್ರದಾಯ ನಿಯಮಕ್ಕಿಂತ ನಿಧಾನವಾಗಿ ಸಾಯುತ್ತದೆ.

ಪರಂಪರೆಯ ಮಾತು ಬಂದಾಗ 1851ನ್ನು ನೆನೆಯದಿದ್ದರೆ ದೋಷ ಬರುತ್ತದೆ. ಆ ವರ್ಷ ಇಂಗ್ಲೆಂಡಿನ ವೈಟ್ ದ್ವೀಪ ಸುತ್ತುವ ರೇಸಿನಲ್ಲಿ ಅಮೆರಿಕ ಎಂಬ ದೋಣಿ ಗೆದ್ದಿತು. ಎರಡನೆಯವರು ಯಾರೆಂದು ವಿಕ್ಟೋರಿಯಾ ರಾಣಿ ಕೇಳಿದಾಗ ಎರಡನೆಯವರೇ ಇಲ್ಲ ಎಂಬ ಉತ್ತರ ಬಂತೆಂದು ಒಂದು ಕಥೆ. ಹೀಗೆ ಗೆದ್ದುಕೊಂಡ ಅಮೆರಿಕಾಸ್ ಕಪ್ಪನ್ನು ನ್ಯೂಯಾರ್ಕ್ ಯಾಟ್ ಕ್ಲಬ್ 1983ರವರೆಗೆ ಬಿಟ್ಟುಕೊಡಲಿಲ್ಲ. ಆ ಕ್ಲಬ್ಬಿನ ಜೊತೆ 1958ರಿಂದ ನಂಟು ಇಟ್ಟುಕೊಂಡ ಕಂಪನಿ ತನ್ನ ಗಡಿಯಾರದ ಮುಖಕ್ಕೆ ಎರಡು ಎಂಬ ಅಂಕೆಯನ್ನು ತಾನೇ ಹಚ್ಚಿದ್ದು ವಿನಯವೋ ಮರೆವೋ ವಿದ್ವಾಂಸರು ವಿಚಾರಿಸಲಿ.

ಸಮುದ್ರವೇ ಇಲ್ಲದ ಸ್ವಿಟ್ಜರ್ಲೆಂಡಿಗೂ ಹಾಯಿದೋಣಿಗೂ ಏನು ಸಂಬಂಧ ಎಂಬ ಆಕ್ಷೇಪಕ್ಕೆ ಇತಿಹಾಸವೇ ಉತ್ತರ. 2003ರಲ್ಲಿ ಅಲಿಂಗಿ ಎಂಬ ಸ್ವಿಸ್ ತಂಡ ಆಕ್ಲೆಂಡಿಗೆ ಹೋಗಿ ಅದೇ ಅಮೆರಿಕಾಸ್ ಕಪ್ ಗೆದ್ದಿತು. ಗೆದ್ದವರು ಮುಂದಿನ ಪಂದ್ಯವನ್ನು ತಮ್ಮ ನೀರಿನಲ್ಲಿ ನಡೆಸುವುದು ವಾಡಿಕೆಯಾಗಿತ್ತು. ಮನೆಯಲ್ಲಿ ಸಮುದ್ರವಿಲ್ಲದ್ದರಿಂದ ಸ್ಪೇನಿನ ವಲೆನ್ಸಿಯಾದ ಸಮುದ್ರವನ್ನು ಗೊತ್ತುಮಾಡಿಕೊಂಡು, 2007ರ ಜುಲೈ 3ರಂದು ಏಳನೆಯ ರೇಸನ್ನು ಒಂದೇ ಒಂದು ಸೆಕೆಂಡಿನ ಅಂತರದಲ್ಲಿ ಗೆದ್ದು ಕಪ್ಪನ್ನು ಉಳಿಸಿಕೊಂಡರು. ನಮ್ಮ ಗಡಿಯಾರ ಕಣ್ಣುಬಿಟ್ಟದ್ದೂ ಅದೇ ವರ್ಷ. ಒಂದು ಸೆಕೆಂಡಿಗೆ ಬೆಲೆ ಕಟ್ಟಬಹುದೆಂದು ಆ ದೇಶಕ್ಕೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಮೂರು: ಪ್ರಯೋಜನ

ಪ್ರಯೋಜನವನ್ನು ಲೆಕ್ಕ ಹಾಕಿಯೇ ಹೇಳಬೇಕು. ದಿನಕ್ಕೆ 2 ಸೆಕೆಂಡಿಗಿಂತ ಹೆಚ್ಚು ಹಿಂದುಮುಂದಾಗದು ಎಂದು ರೋಲೆಕ್ಸ್ 2015ರಿಂದ ತನ್ನ ಗಡಿಯಾರಗಳಿಗೆ ಭಾಷೆ ಕೊಡುತ್ತ ಬಂದಿದೆ. ದಿನವೊಂದರಲ್ಲಿ ಐದು ನಿಮಿಷದ ಅವಧಿಗಳು 288. ಆದ್ದರಿಂದ ಒಂದು ಅವಧಿಯಲ್ಲಿ ಆಗಬಹುದಾದ ದೋಷ ಸೆಕೆಂಡಿನ ಸಾವಿರ ಪಾಲಿನಲ್ಲಿ ಏಳು ಪಾಲು. ಆರು ನಾಟ್ ವೇಗದ ದೋಣಿ ಸೆಕೆಂಡಿಗೆ ಸುಮಾರು 3 ಮೀಟರ್ ಹೋಗುತ್ತದೆ. ಎಂದರೆ ಈ ದೋಷದಿಂದ ಗೆರೆಯಲ್ಲಿ ಆಗುವ ವ್ಯತ್ಯಾಸ ಎರಡು ಸೆಂಟಿಮೀಟರ್.

ಬಾವುಟ ಏರಿದ್ದನ್ನು ಕಣ್ಣು ಕಂಡು, ಬುದ್ಧಿಗೆ ತಿಳಿದು, ಬೆರಳು ಗುಂಡಿ ಒತ್ತುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಪಾಲಾದರೂ ಕಳೆಯುತ್ತದೆ. ದೋಣಿಯ ಲೆಕ್ಕದಲ್ಲಿ ಅದು 60 ಸೆಂಟಿಮೀಟರ್. ಜಿನೀವಾದ ಕುಶಲಕರ್ಮಿ ಹತ್ತಾರು ವರ್ಷದ ಸಾಧನೆಯಿಂದ ಎರಡು ಸೆಂಟಿಮೀಟರಿಗೆ ಇಳಿಸಿಕೊಟ್ಟದ್ದನ್ನು ಮಾಲೀಕನ ಬೆರಳು ಒಂದೇ ಒತ್ತಿಗೆ ಮೂವತ್ತು ಪಟ್ಟು ಮಾಡಿ ನೀರಿಗೆ ಸುರಿಯುತ್ತದೆ. ಬೆರಳಿಗೆ ಖಾತರಿಪತ್ರ ಕೊಡುವ ಕಂಪನಿ ಇನ್ನೂ ಹುಟ್ಟಿಲ್ಲ.

ನಾಲ್ಕು: ಅಧಿಕಾರಿ

ಇದನ್ನು ನೇತಿ ನೇತಿ ಕ್ರಮದಲ್ಲಿ ನಿರ್ಣಯಿಸೋಣ.

ಚುಕ್ಕಾಣಿ ಹಿಡಿದವನು ಅಧಿಕಾರಿಯೇ? ಅಲ್ಲ. ಅವನ ಎರಡು ಕೈಯೂ ಚುಕ್ಕಾಣಿಯ ಮೇಲಿವೆ, ಕಣ್ಣು ಹಾಯಿಯ ಮೇಲೂ ಪಕ್ಕದ ದೋಣಿಯ ಮೇಲೂ ಇದೆ. ಮಣಿಕಟ್ಟು ನೋಡಿಕೊಳ್ಳಲು ಮೂರನೆಯ ಕಣ್ಣೇ ಬೇಕು. ಅವನಿಗೆ ಸೆಕೆಂಡುಗಳನ್ನು ಕೂಗಿ ಹೇಳುವವನು? ಅವನೂ ಅಲ್ಲ. ಅವನ ಕೈಯಲ್ಲಿರುವುದು ಬೆಂಕಿಪೊಟ್ಟಣದಷ್ಟು ದೊಡ್ಡ ಅಂಕಿ ತೋರಿಸಿ, ನಿಮಿಷಕ್ಕೊಮ್ಮೆ ಕೀಂ ಎನ್ನುವ ಪ್ಲಾಸ್ಟಿಕ್ ವಾಚು. ದೋಣಿಯ ಮೂತಿಯಲ್ಲಿ ನಿಂತು ಗೆರೆ ಇನ್ನೆಷ್ಟು ದೂರವೆಂದು ಹಿಂದಿನವರಿಗೆ ಬೆರಳಿನಲ್ಲಿ ಸನ್ನೆ ಮಾಡುವವನು? ಅವನ ಬೆರಳೇ ಯಂತ್ರ. ಇಂದಿನ ಅಮೆರಿಕಾಸ್ ಕಪ್ ದೋಣಿಗಳವರು? ಅವು ನೀರಿನಿಂದ ಮೇಲೆದ್ದು ಹಾರುವಂತೆ ಓಡುತ್ತವೆ, ಗೆರೆಗೆ ಇನ್ನೆಷ್ಟು ಸೆಕೆಂಡೆಂದು ಉಪಗ್ರಹದ ಲೆಕ್ಕ ಹಿಡಿದು ಕಂಪ್ಯೂಟರು ಹೇಳುತ್ತದೆ.

ದೋಣಿಯಲ್ಲಿರುವವರೆಲ್ಲ ಕಳೆದರೆ ಉಳಿದವನು ದೋಣಿಯಲ್ಲಿ ಇಲ್ಲದವನು. ಕ್ಲಬ್ಬಿನ ವರಾಂಡದಲ್ಲೋ ಭೋಜನಕೂಟದಲ್ಲೋ ಕೂತು, ಮುಖ್ಯ ಅತಿಥಿಗಳ ಭಾಷಣ ಇನ್ನೆಷ್ಟು ಉಳಿದಿದೆ ಎಂದು ಬಟ್ಟೆಯ ತೋಳು ಸರಿಸಿ ನೋಡಿಕೊಳ್ಳುವವನು. ತಾತ್ಕಾಲಿಕವಾಗಿ ಅವನನ್ನೇ ಅಧಿಕಾರಿ ಎಂದಿಟ್ಟುಕೊಂಡು ಮುಂದೆ ಹೋಗೋಣ.

ಪೂರ್ವಪಕ್ಷ

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಸ್ವಾಮಿ, ನೂರು ಡಾಲರಿನ ಆಸುಪಾಸಿನಲ್ಲಿ ರಾನ್‌ಸ್ಟನ್, ಆಪ್ಟಿಮಮ್ ಟೈಮ್ ಮುಂತಾದವರ ರೇಸ್ ವಾಚುಗಳು ಸಿಗುತ್ತವೆ. ಹಿಂದಕ್ಕೆ ಎಣಿಸುತ್ತವೆ, ಕೂಗುತ್ತವೆ, ಗುಂಡಿ ಒತ್ತಿದರೆ ಹತ್ತಿರದ ನಿಮಿಷಕ್ಕೆ ಹೊಂದಿಕೊಳ್ಳುತ್ತವೆ. ಸ್ಪ್ರಿಂಗಿನದೇ ಬೇಕೆಂದರೆ 1960ರ ದಶಕದಲ್ಲೇ ಅಕ್ವಾಸ್ಟಾರ್ ಕಂಪನಿ ಮುಖದಲ್ಲಿ ಐದು ಕಿಂಡಿ ಕೊರೆದು, ನಿಮಿಷಕ್ಕೊಂದರಂತೆ ಬಣ್ಣ ಬದಲಾಗುವ ಗಡಿಯಾರ ಮಾಡಿತ್ತು. ಹೀಗಿರಲು 360 ಭಾಗಗಳ ಈ ಗೌರವಕ್ಕೆ ಆಧಾರವೇನು?

ಸಮಾಧಾನ: ಉಪಯೋಗಕ್ಕೆ ಬರುವ ವಸ್ತು ಉಪಯೋಗ ಮುಗಿದೊಡನೆ ಮುಗಿಯುತ್ತದೆ. ಉಪಯೋಗಕ್ಕೇ ಬಾರದ ವಸ್ತುವಿಗೆ ಮುಗಿಯಲು ಕಾರಣವೇ ಸಿಗುವುದಿಲ್ಲ. ಪ್ಲಾಸ್ಟಿಕ್ ವಾಚನ್ನು ಯಾರೂ ಉಯಿಲಿನಲ್ಲಿ ಬರೆಯುವುದಿಲ್ಲ.

ಪೂರ್ವಪಕ್ಷಿ ಬಿಡುವುದಿಲ್ಲ: ಮುಗಿಯುವುದಿಲ್ಲವೆಂದರೆ 2024ರಲ್ಲಿ ಕಂಪನಿ ಅದನ್ನು ತನ್ನ ಪಟ್ಟಿಯಿಂದ ಕೈಬಿಟ್ಟದ್ದು ಹೇಗೆ? ಸಮಾಧಾನ: ಹಿಂದಕ್ಕೆ ಎಣಿಸುವುದೇ ಅದರ ಸ್ವಧರ್ಮ. ಹದಿನೇಳು ವರ್ಷ ಎಣಿಸಿ ತನ್ನ ಸೊನ್ನೆಗೆ ಅದು ಸಕಾಲಕ್ಕೆ ತಲುಪಿತು.

ಸಿದ್ಧಾಂತ

ಅದೇ 26ನೆಯ ನಿಯಮದಲ್ಲಿ ಒಂದು ಮಾತಿದೆ: ಕಾಲವನ್ನು ಕಣ್ಣಿಗೆ ಕಾಣುವ ಸಂಕೇತದಿಂದಲೇ ಹಿಡಿಯಬೇಕು, ಸದ್ದು ಬರದೆ ಹೋದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಬಾವುಟ ಏರಿಸುವವನು ಎಂಥ ಗಡಿಯಾರ ಕಟ್ಟಿದ್ದಾನೆ, ಕಟ್ಟಿದ್ದಾನೋ ಇಲ್ಲವೋ ಎಂದು ದೋಣಿಯವನು ಕೇಳುವಂತಿಲ್ಲ. ಬಾವುಟದವನು ಮೂರು ಸೆಕೆಂಡು ತಡವಾಗಿ ಇಳಿಸಿದರೆ ಸಮುದ್ರದ ಆ ಭಾಗದಲ್ಲಿ ಕಾಲವೇ ಮೂರು ಸೆಕೆಂಡು ತಡ. ಗಾಳಿ ಸತ್ತಿತೆಂದು ಕೆಂಪು ಬಿಳಿ ಪಟ್ಟೆಯ ಮುಂದೂಡಿಕೆ ಬಾವುಟ ಏರಿಸಿದರೆ ಎಣಿಸಿದ್ದೆಲ್ಲ ರದ್ದು, ಮತ್ತೆ ಐದರಿಂದ ಶುರು. ಇಲ್ಲಿಗೆ ನಮ್ಮ ಸ್ವಂತ ಸೂತ್ರವೊಂದನ್ನು ಲೋಕಕ್ಕೆ ಅರ್ಪಿಸುತ್ತೇವೆ: ಘಟೀಯಂತ್ರಾತ್ ಧ್ವಜೋ ಬಲೀಯಾನ್. ಗಡಿಯಾರಕ್ಕಿಂತ ಬಾವುಟ ಬಲಿಷ್ಠ.

ಜಿನೀವಾದವರಿಗೆ ಇದು ಗೊತ್ತಿತ್ತು. ಐದಕ್ಕೆ ಗುಂಡಿ ಒತ್ತುವುದು ತಡವಾಯಿತೆನ್ನಿ. ನಾಲ್ಕರ ಬಾವುಟ ಏರಿದಾಗ ಓಡುತ್ತಿರುವ ಗಡಿಯಾರದ ಕೆಳಗಿನ ಗುಂಡಿಯನ್ನು ಒಮ್ಮೆ ಒತ್ತಿದರೆ ಸಾಕು. ಸೆಕೆಂಡಿನ ಮುಳ್ಳು ಸೊನ್ನೆಗೆ ಹಾರುತ್ತದೆ, ನಿಮಿಷದ ಮುಳ್ಳು ಹತ್ತಿರದ ನಿಮಿಷಕ್ಕೆ ಜಿಗಿಯುತ್ತದೆ, ಎಣಿಕೆ ನಿಲ್ಲದೆ ಮುಂದುವರಿಯುತ್ತದೆ. ಚಿನ್ನ, ಪ್ಲಾಟಿನಂ, 35,000 ಗಂಟೆ, ಎಲ್ಲವೂ ಕೂಡಿ ಸಾಧಿಸಿದ ಪರಮಾದ್ಭುತ ಇದು: ನಾನು ಹೇಳಿದ್ದು ತಪ್ಪು, ಆ ಬಟ್ಟೆಯ ತುಂಡು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವ ಗುಂಡಿ.

ಅಧಿಕಾರಿ ನಿರ್ಣಯ ಈಗ ಪೂರ್ಣವಾಗುತ್ತದೆ. ಆ ಗುಂಡಿಯನ್ನು ಒತ್ತಬಲ್ಲವನೇ ನಿಜವಾದ ಅಧಿಕಾರಿ. ಗಡಿಯಾರಕ್ಕೆ ಅಷ್ಟು ಹಣ ಸುರಿದವನಾದರೋ ಹೊತ್ತಿನ ವಿಷಯದಲ್ಲಿ ಇನ್ನೊಬ್ಬರ ಮಾತಿಗೆ ತಲೆಬಾಗುವ ಪ್ರವೃತ್ತಿಯವನಲ್ಲ. ಹಾಗೆ ತಲೆಬಾಗುವ ಗುಣವುಳ್ಳವನಿಗೆ ಪ್ಲಾಸ್ಟಿಕ್ಕಿನದೇ ಸಾಕು. ಆದ್ದರಿಂದ ಕೊಂಡವನು ಅಧಿಕಾರಿಯಲ್ಲ, ಅಧಿಕಾರಿ ಕೊಳ್ಳುವುದಿಲ್ಲ ಎಂಬುದು ಸಿದ್ಧಾಂತ.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದ ಗಡಿಯಾರವಂತರಿಗೆ ದೋಣಿಪ್ರಾಪ್ತಿ, ದೋಣಿವಂತರಿಗೆ ಗಾಳಿಪ್ರಾಪ್ತಿ, ಎರಡೂ ಇಲ್ಲದವರಿಗೆ ಸಾಲವಿಲ್ಲದ ನಿದ್ರೆ ಲಭಿಸುತ್ತದೆ. ನಡುನಡುವೆ ಪ್ಯಾರಾ ಹಾರಿಸಿ ಇಲ್ಲಿಗೆ ಅವಧಿಗೆ ಮೊದಲೇ ತಲುಪಿದವರು ಗೆರೆಯ ಹಿಂದಕ್ಕೆ ಹೋಗಿ ಮೊದಲಿನಿಂದ ಓದಿಕೊಂಡು ಬರತಕ್ಕದ್ದು.