ಡಬ್ಬದಲ್ಲಿ ಕುಸ್ಕುಸ್ ಇದ್ದರೆ

ಪರದೇಶದಲ್ಲಿ ಸಂಸಾರ ಹೂಡಿದವರ ಅಡುಗೆಮನೆಯಲ್ಲಿ ಒಂದು ಡಬ್ಬ ಇರುತ್ತದೆ. ಊರಿಗೆ ಫೋನ್ ಮಾಡಿದಾಗ ಅದರ ವಿಷಯ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅಕ್ಕಿ, ಬೇಳೆ, ಹುಣಸೆಹಣ್ಣು, ಅಮ್ಮ ಕಟ್ಟಿಕೊಟ್ಟ ಸಾರಿನಪುಡಿ ಎಲ್ಲ ನೆಂಟರ ಕಣ್ಣಿಗೆ ಬೀಳುವಂತೆ ಮುಂದಿನ ಸಾಲಿನಲ್ಲಿ ನಿಂತಿರುತ್ತವೆ. ಆದರೆ ರಾತ್ರಿ ಎಂಟೂವರೆಗೆ ರೈಲಿಳಿದು ಬಂದವರ ಮಾನ ಕಾಯುವುದು ಅವುಗಳ ಹಿಂದೆ ಕೂತ ಕುಸ್ಕುಸ್. ಪ್ಯಾರಿಸ್ಸಿನ ಅಂಚಿನ ನಮ್ಮ ಬಡಾವಣೆಯಲ್ಲಿ ಇದಕ್ಕೆ ಹುಡುಕಾಡಬೇಕಿಲ್ಲ. ಮೂಲೆ ಅಂಗಡಿಯಲ್ಲಿ ಸಣ್ಣದು, ಮಧ್ಯಮ, ದಪ್ಪ ಅಂತ ಮೂರು ನಮೂನೆ ಸಿಗುತ್ತದೆ.

ನೋಡುವುದಕ್ಕೆ ರವೆ, ಹುಟ್ಟೂ ರವೆಯೇ. ಡ್ಯೂರಂ ಗೋಧಿಯ ರವೆಗೆ ನೀರು ಚಿಮುಕಿಸಿ, ಹಿಟ್ಟು ಉದುರಿಸಿ, ಅಂಗೈಯಲ್ಲಿ ಹೊಸೆದು ಕಾಳು ಕಟ್ಟಿಸಿ ಜರಡಿ ಹಿಡಿದದ್ದು. ಪೊಟ್ಟಣದಲ್ಲಿ ಬರುವುದನ್ನು ಕಾರ್ಖಾನೆಯಲ್ಲೇ ಹಬೆಯಲ್ಲಿ ಬೇಯಿಸಿ ಒಣಗಿಸಿರುತ್ತಾರೆ. ಈ ಗುಟ್ಟು ಗೊತ್ತಿಲ್ಲದೆ, ಊರಿಂದ ಬಂದ ಅತ್ತೆಯವರೆಲ್ಲ ಮೊದಲು ಮಾಡುವುದು ಉಪ್ಪಿಟ್ಟು. ಒಂದಕ್ಕೆ ಎರಡೂವರೆ ನೀರು ಕುದಿಸಿ, ಕೈಬಿಡದೆ ತಿರುವಿ, ಸೌಟು ನೆಟ್ಟಗೆ ನಿಲ್ಲುವಂಥ ಪದಾರ್ಥ ಇಳಿಸಿ, “ಇಲ್ಲಿನ ರವೆ ಸರಿಯಿಲ್ಲ ಕಣಮ್ಮ” ಅನ್ನುತ್ತಾರೆ. ಬೆಂದದ್ದನ್ನೇ ಮತ್ತೆ ಬೇಯಿಸಿದರೆ ಅದಾದರೂ ಏನು ಮಾಡೀತು! ಕುಸ್ಕುಸ್‌ದು ಉಪ್ಪಿಟ್ಟಿನ ಗೋತ್ರವಲ್ಲ, ಚಿತ್ರಾನ್ನದ ಗೋತ್ರ.

ಒಂದು ಲೋಟಕ್ಕೆ ಒಂದೇ ಲೋಟ ನೀರು. ಕಾಳಿಗೆ ಉಪ್ಪು, ಒಂದು ಚಮಚ ಎಣ್ಣೆ ಸವರಿ, ಮರಳುವ ನೀರು ಸುರಿದು ತಟ್ಟೆ ಮುಚ್ಚಿ. ಒಲೆಯ ಮೇಲಿಡಬೇಡಿ, ನಡುನಡುವೆ ತೆಗೆದು ಇಣುಕಬೇಡಿ. ಐದು ನಿಮಿಷ ಬಿಟ್ಟು ಫೋರ್ಕಿನಿಂದ ಕೆದರಿದರೆ ಉದುರುದುರು. ಅಷ್ಟರಲ್ಲಿ ಪಕ್ಕದ ಬಾಣಲೆಯಲ್ಲಿ ಸಾಸಿವೆ, ಕಡಲೆಬೇಳೆ, ಒಣಮೆಣಸಿನಕಾಯಿ, ಕರಿಬೇವು ಚಟಪಟ ಅಂದಿರುತ್ತವೆ. ಅರಿಸಿನ ಹಾಕಿ, ನಿಂಬೆಹಣ್ಣು ಹಿಂಡಿ ಕಲಸಿದರೆ ಆಯಿತು. ಪುಳಿಯೋಗರೆ ಗೊಜ್ಜಿಗೂ ಒಗ್ಗುತ್ತದೆ, ಮೊಸರಿಗೂ ಸೈ. ಮೊಸರು ಕಲಸುವಾಗ ನಾನೇನೋ ಅಪಚಾರ ಮಾಡುತ್ತಿದ್ದೇನೆ ಅಂದುಕೊಳ್ಳುವವರಿಗೆ ಒಂದು ಸಮಾಧಾನ: ಮೊರಾಕೊದಲ್ಲಿ ಸೆಕೆಗಾಲಕ್ಕೆ ಕುಸ್ಕುಸ್ಸನ್ನು ತಣ್ಣನೆ ಮಜ್ಜಿಗೆಯಲ್ಲಿ ಕಲಸಿ ಬೀದಿಯಲ್ಲೇ ಮಾರುತ್ತಾರೆ, ಸೈಕೂಕ್ ಅಂತ. ಒಗ್ಗರಣೆ ಇಲ್ಲ ಅನ್ನುವುದೊಂದೇ ಕೊರತೆ.

ಐದು ನಿಮಿಷದ ಈ ಮಹಾತ್ಮೆಯನ್ನು ಕೆಳಮನೆಯ ಖಾಲ್ತಿಯ ಎದುರು ಹೇಳುವಂತಿಲ್ಲ. ಅವರು ಮೊರಾಕೊದವರು, ಖಾಲ್ತಿ ಅಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ. ಅವರ ಲೆಕ್ಕದಲ್ಲಿ ಕುಸ್ಕುಸ್ ಅಂದರೆ ಶುಕ್ರವಾರದ ಅಡುಗೆ, ಅರ್ಧ ದಿನದ ಕೆಲಸ. ಕೆಳಗಿನ ಪಾತ್ರೆಯಲ್ಲಿ ಮಾಂಸ, ನೆನೆಸಿದ ಕಡಲೆಕಾಳು, ಕ್ಯಾರೆಟ್, ಟರ್ನಿಪ್, ಸಿಹಿಗುಂಬಳ ಕುದಿಯುತ್ತಿರಬೇಕು. ಮೇಲಿನ ತೂತು ಪಾತ್ರೆಯಲ್ಲಿ ಕುಸ್ಕುಸ್. ಎರಡರ ಸಂದಿನಿಂದ ಹಬೆ ಸೋರದ ಹಾಗೆ ಹಿಟ್ಟು ಮೆತ್ತಿದ ಬಟ್ಟೆ ಸುತ್ತುತ್ತಾರೆ. ಹಬೆಯಾಡಿದ್ದನ್ನು ಹರಿವಾಣಕ್ಕೆ ಸುರಿದು, ಸುಡುಸುಡುವಾಗಲೇ ಬರಿಗೈಯಲ್ಲಿ ಗಂಟು ಬಿಡಿಸಿ, ತಣ್ಣೀರು ಚಿಮುಕಿಸಿ ಮತ್ತೆ ಹಬೆಗೆ. ಹೀಗೆ ಮೂರು ಸಲ. ಕೊನೆಯ ಸಲ ಬೆಣ್ಣೆ ಸವರುವಾಗ ಖಾಲ್ತಿ ಬೆರಳ ಸಂದಿಯಿಂದ ಕಾಳು ಉದುರಿಸಿ ನೋಡುತ್ತಾರೆ. ಎರಡು ಕಾಳು ಒಂದಕ್ಕೊಂದು ಅಂಟಿಕೊಂಡು ಬಿದ್ದರೆ ಅವರ ಹುಬ್ಬು ಗಂಟಿಕ್ಕುತ್ತದೆ.

ಈ ವಿದ್ಯೆಯನ್ನು 2020ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಜೀರಿಯ, ಮೊರಾಕೊ, ಟ್ಯುನೀಷಿಯ, ಮಾರಿಟಾನಿಯ ಸೇರಿ ಹಾಕಿದ ಅರ್ಜಿ ಅದು. ಮೊದಲೆರಡು ದೇಶಗಳು 1994ರಿಂದ ನಡುವಿನ ಗಡಿ ಮುಚ್ಚಿಕೊಂಡಿವೆ. ವ್ಯಾಜ್ಯದ ದಾಯಾದಿಗಳು ಶ್ರಾದ್ಧಕ್ಕೆ ಒಂದೇ ಪಂಕ್ತಿಯಲ್ಲಿ ಕೂತ ಹಾಗಾಯಿತು. ಮರುವರ್ಷವೇ ಅಲ್ಜೀರಿಯ ಮೊರಾಕೊದೊಂದಿಗೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಈ ಸುದ್ದಿ ತೆಗೆದರೆ ಖಾಲ್ತಿ, “ಅಲ್ಜೀರಿಯದವರಿಗೆ ಮೂರು ಸಲ ಹಬೆ ಕೊಡೋ ತಾಳ್ಮೆ ಎಲ್ಲಿದೆ?” ಅಂದು ಮುಗಿಸುತ್ತಾರೆ.

ಶುಕ್ರವಾರ ಅವರ ಮನೆಯಿಂದ ನಮಗೊಂದು ಪಾತ್ರೆ ಬರುತ್ತದೆ. ಖಾಲಿ ಪಾತ್ರೆ ಹಿಂತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ಧೈರ್ಯ ಮಾಡಿ ಒಮ್ಮೆ ಕುಸ್ಕುಸ್ ಚಿತ್ರಾನ್ನವನ್ನೇ ತುಂಬಿ ಕಳಿಸಿದೆ. ಮೆಟ್ಟಿಲಲ್ಲಿ ಸಿಕ್ಕಾಗ ಖಾಲ್ತಿ ರುಚಿಯ ಸುದ್ದಿಗೇ ಹೋಗಲಿಲ್ಲ. ಒಗ್ಗರಣೆಯ ಕಡಲೆಬೇಳೆಯನ್ನೆಲ್ಲ ಆರಿಸಿ ಪಕ್ಕಕ್ಕಿಟ್ಟಿದ್ದರಂತೆ. “ಕೆಲಸಕ್ಕೆ ಹೋಗೋಳು, ಮರೆತಿರ್ತೀಯ ಮಗಳೇ. ಕಡಲೆ ಹಿಂದಿನ ರಾತ್ರೀನೇ ನೆನೆಹಾಕಬೇಕು” ಅಂದು, ನೆನೆಸಿದ ಕಡಲೆಕಾಳಿನ ಡಬ್ಬವೊಂದನ್ನು ಕೈಗಿತ್ತರು.