ರಘುನಾಥನ ಟೇಬಲ್ಲು

ಮದುವೆಯಾಗಿ 25 ವರ್ಷವಾಯಿತು, ಈ ಸಲವಾದರೂ ದೆಹಲಿಯ ಯಾವುದಾದರೂ ದೊಡ್ಡ ಹೋಟೆಲಿನಲ್ಲಿ ಊಟ ಹಾಕಿಸಿ ಎಂದಳು ಹೆಂಡತಿ. ಹೂಂ ಅಂದುಬಿಟ್ಟೆ.

ಫೋನ್ ಮಾಡಿದೆ. ಹತ್ತು ನಿಮಿಷ ಸಿತಾರ್ ಕೇಳಿಸಿದರು. ಆಮೇಲೆ ಜೇನಿನಂಥ ದನಿ: 'ಮೂರು ವಾರ ಫುಲ್ ಸರ್, ವೇಟಿಂಗ್ ಲಿಸ್ಟಿಗೆ ಹಾಕಲೇ?' ಕರ್ನಾಟಕ ಎಕ್ಸ್‌ಪ್ರೆಸ್ಸಿನ ಆರ್‌ಎಸಿ ಸೀಟಿನಲ್ಲಿ ಅರ್ಧ ಆಯುಷ್ಯ ಸವೆಸಿದವನು ನಾನು. ಊಟಕ್ಕೂ ವೇಟಿಂಗ್ ಲಿಸ್ಟೇ! ಹೆಸರು ರಂಗನಾಥ ಎಂದೆ. 'ಓಕೆ ರಘುನಾಥ್‌ಜೀ' ಎಂದು ಬರೆದುಕೊಂಡರು. ತಿದ್ದಲಿಲ್ಲ, ಅವನಿಗಾದರೂ ಸಿಗಲಿ ಅಂತ.

ಹೀಗೆ ಗೋಗರೆಯಬೇಕಿಲ್ಲದ ಜಾಗಗಳೂ ಈ ಊರಲ್ಲಿವೆ. ಜಾಮಾ ಮಸೀದಿಯ ಪಕ್ಕದ ಗಲ್ಲಿಯಲ್ಲಿ 1913ರಿಂದ ಕರೀಮ್ಸ್ ಇದೆ. ಆದರೆ ನನ್ನಂಥ ಪುಳಿಚಾರಿನವನಿಗೆ ಅಲ್ಲಿ ಸಿಗುವ ಮುಖ್ಯ ಭಕ್ಷ್ಯ ಮರುಕ. ಅಶೋಕಾ ರಸ್ತೆಯ ಆಂಧ್ರ ಭವನದ ಕ್ಯಾಂಟೀನಿನಲ್ಲಿ ದುಡ್ಡು ಕಟ್ಟಿ, ಕೂಪನ್ ಹಿಡಿದು, ನಂಬರ್ ಕೂಗುವವರೆಗೆ ನಿಂತರಾಯಿತು. ಕೂತಮೇಲೆ ಅನ್ನ, ಪಪ್ಪು, ಪುಡಿ, ತುಪ್ಪ. ಇಮೇಲ್ ಐಡಿ ಯಾರೂ ಕೇಳುವುದಿಲ್ಲ.

ಕೊನೆಗೆ ಅಲ್ಲಿಗೇ ಹೋದೆವು. ಇವಳು ಮೈಸೂರು ಸಿಲ್ಕ್ ಸೀರೆಯಲ್ಲಿ, ನಾನು ಮದುವೆಯ ಕಾಲದ ಕೋಟಿನಲ್ಲಿ (ಗುಂಡಿ ಹಾಕುವ ಪ್ರಶ್ನೆಯೇ ಇಲ್ಲ). ಅದೇ ಟೇಬಲ್ಲಿಗೆ ಯುಪಿಎಸ್‌ಸಿ ಓದುವ ಇಬ್ಬರು ಹುಡುಗರು ಬಂದು ಕೂತು, ನಮ್ಮ ದಾಂಪತ್ಯದ ನಡುವೆಯೇ ಸಾಂಬಾರಿನ ಬಕೆಟ್ಟಿಗೆ ಕೈ ಚಾಚಿದರು. ಎರಡನೇ ಸಲ ಅನ್ನ ಬಡಿಸುವಾಗ ಫೋನ್ ಬಂತು. 'ರಘುನಾಥ್‌ಜೀ, ರಾತ್ರಿ ಹನ್ನೊಂದಕ್ಕೆ ಒಂದು ಟೇಬಲ್ ಖಾಲಿಯಾಗಿದೆ.'

ನನ್ನ ಕೈಯೆಲ್ಲ ಪಪ್ಪು. ಹೆಂಡತಿಯೇ ಎಡಗೈಯಲ್ಲಿ ಫೋನ್ ಕಿತ್ತುಕೊಂಡು, ರಘುನಾಥ ಎನ್ನುವವರು ಇಲ್ಲಿ ಯಾರೂ ಇಲ್ಲ ಎಂದಳು.